ಕಪ್ಸ್: ಲಿನಕ್ಸ್ ಕಚೇರಿಯ ಪ್ರಿಂಟರ್ ವ್ಯವಸ್ಥೆ, ಹಲವು ವರ್ಷಗಳ ಬಳಕೆಯ ನಂತರ

ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಲಿನಕ್ಸ್ ಅಥವಾ ಬಿಎಸ್‌ಡಿ ಯಂತ್ರಗಳಿರುವ ಕಚೇರಿಯಲ್ಲಿ ನೆಟ್‌ವರ್ಕ್ ಪ್ರಿಂಟರ್ ನಡೆಸಲು ಕಪ್ಸ್‌ಗಿಂತ ನಂಬಿಕಸ್ಥ ತಂತ್ರಾಂಶವನ್ನು ನಾನು ಕಂಡಿಲ್ಲ. ಆದರೆ ಅದು ಹೇಳುವುದನ್ನು ಓದಲು ಕಲಿಯದವರನ್ನು ಅದರಷ್ಟು ಕಾಡುವ ತಂತ್ರಾಂಶವೂ ಇನ್ನೊಂದಿಲ್ಲ. ಕಪ್ಸ್ ಕೈಕೊಟ್ಟಿತು ಎಂದು ದೂರುವವರ ಯಂತ್ರದ ಮುಂದೆ ಕುಳಿತಾಗಲೆಲ್ಲ ನಾನು ಕಂಡದ್ದು ಒಂದೇ: ತೊಂದರೆ ಏನೆಂದು ಅದು ಆಗಲೇ ಬರೆದಿಟ್ಟಿತ್ತು, ಯಾರೂ ನೋಡಿರಲಿಲ್ಲ.

ನಮ್ಮದು ಮೈಸೂರಿನ ಒಂದು ಸಣ್ಣ ಪುಸ್ತಕ ಪ್ರಕಾಶನ. ಪುಟವಿನ್ಯಾಸ, ಕರಡು ತಿದ್ದುವಿಕೆ, ಲೆಕ್ಕಪತ್ರ ಎಲ್ಲವೂ ಲಿನಕ್ಸ್‌ನಲ್ಲಿ ನಡೆಯುತ್ತವೆ. ಡೆಬಿಯನ್ ಎಂಬ ಲಿನಕ್ಸ್ ವಿತರಣೆ ಹಾಕಿದ ಹಳೆಯ ಡೆಸ್ಕ್‌ಟಾಪ್ ಒಂದು ಪ್ರಿಂಟ್ ಸರ್ವರ್ ಆಗಿದೆ. ನೆಟ್‌ವರ್ಕ್ ಕೇಬಲ್ಲಿಗೆ ಜೋಡಿಸಿದ ಕಪ್ಪು-ಬಿಳುಪು ಲೇಸರ್ ಪ್ರಿಂಟರ್ ಒಂದು, ವೈಫೈ ಮೇಲೆ ನಡೆಯುವ ಬಣ್ಣದ ಇಂಕ್ ಪ್ರಿಂಟರ್ ಇನ್ನೊಂದು. ನಮ್ಮ ಕರಡು ತಿದ್ದುವವರು ಕಾಗದದ ಮೇಲೆ ಅಚ್ಚು ಬಾರದೆ ಪೆನ್ನು ತೆಗೆಯುವುದಿಲ್ಲ. ಹಾಗಾಗಿ ಪ್ರಿಂಟರ್ ನಿಂತರೆ ಪುಸ್ತಕವೇ ನಿಂತಂತೆ.

ಕಪ್ಸ್ ಬರುವ ಮೊದಲು ಯುನಿಕ್ಸ್‌ನಲ್ಲಿ ಮುದ್ರಣ ವ್ಯವಸ್ಥೆಗಳ ಎರಡು ಮನೆತನಗಳಿದ್ದವು. ಬರ್ಕ್ಲಿಯ ಎಲ್‌ಪಿಡಿ ಒಂದು, ಸಿಸ್ಟಮ್ ಫೈವ್‌ನ ಎಲ್‌ಪಿ ಇನ್ನೊಂದು. ಎರಡರ ಕಮಾಂಡುಗಳೂ ಬೇರೆ, ಕಡತಗಳೂ ಬೇರೆ. ಮೈಕೆಲ್ ಸ್ವೀಟ್ 1997ರಲ್ಲಿ ಕಪ್ಸ್ ಬರೆಯಲು ಆರಂಭಿಸಿ 1999ರಲ್ಲಿ ಅದನ್ನು ಹೊರತಂದಾಗ ಎರಡೂ ಕಡೆಯ ಕಮಾಂಡುಗಳನ್ನು ಉಳಿಸಿಕೊಂಡು, ಒಳಗೆ ಇಂಟರ್ನೆಟ್ ಪ್ರಿಂಟಿಂಗ್ ಪ್ರೋಟೋಕಾಲ್ ಅಂದರೆ ಕಂಪ್ಯೂಟರ್ ಮತ್ತು ಪ್ರಿಂಟರ್ ಪರಸ್ಪರ ಮಾತಾಡುವ ಭಾಷೆಯಾದ ಐಪಿಪಿಯನ್ನು ತಂದು ಕೂರಿಸಿದರು. 2002ರಲ್ಲಿ ಮ್ಯಾಕ್ ಓಎಸ್ ಟೆನ್ 10.2 ಇದನ್ನೇ ಒಪ್ಪಿಕೊಂಡಿತು. 2007ರಲ್ಲಿ ಆಪಲ್ ಇದನ್ನು ಕೊಂಡುಕೊಂಡಿತು. 2019ರ ಕೊನೆಗೆ ಸ್ವೀಟ್ ಅಲ್ಲಿಂದ ಹೊರಬಂದರು. ಈಗ ಲಿನಕ್ಸ್ ವಿತರಣೆಗಳಿಗೆ ಬರುತ್ತಿರುವುದು ಓಪನ್‌ಪ್ರಿಂಟಿಂಗ್ ಯೋಜನೆ ಬೆಳೆಸುತ್ತಿರುವ ಆವೃತ್ತಿ. ಬಳಕೆದಾರನಿಗೆ ಇದರಿಂದ ಆದ ಲಾಭ ಚಿಕ್ಕದಲ್ಲ. ಮುಖಪುಟ ಕಲಾವಿದರ ಮ್ಯಾಕ್‌ನಲ್ಲಿ ಪ್ರಿಂಟ್ ಬಾರದಿದ್ದರೂ ಡೆಬಿಯನ್‌ನಲ್ಲಿ ಕಲಿತ ಅದೇ ಕಮಾಂಡುಗಳು ಅಲ್ಲೂ ಕೆಲಸಕ್ಕೆ ಬರುತ್ತವೆ.

ಪ್ರಿಂಟ್ ಬರುತ್ತಿಲ್ಲ ಎಂದು ಯಾರಾದರೂ ಕೂಗಿದರೆ ನಾನು ಪ್ರಿಂಟರ್ ಬಳಿ ಹೋಗುವುದಿಲ್ಲ, ಟರ್ಮಿನಲ್ ತೆರೆದು ‘ಎಲ್‌ಪಿಸ್ಟ್ಯಾಟ್ -ಟಿ’ ಎಂದು ಬರೆಯುತ್ತೇನೆ. ಬೇಕಾದದ್ದೆಲ್ಲ ಅಲ್ಲೇ ಇರುತ್ತದೆ. ಶೆಡ್ಯೂಲರ್ (ಮುದ್ರಣಗಳನ್ನು ನಿಭಾಯಿಸುವ ಮುಖ್ಯ ಸೇವೆ) ಓಡುತ್ತಿದೆಯೇ, ಪ್ರಿಂಟರ್ ಯಾವ ವಿಳಾಸದಲ್ಲಿದೆ ಎಂದು ಕಪ್ಸ್ ನಂಬಿದೆ, ಸರದಿ (ಮುದ್ರಣಕ್ಕೆ ಕಾದಿರುವ ಕಡತಗಳ ಸಾಲು) ಕೆಲಸಗಳನ್ನು ಸ್ವೀಕರಿಸುತ್ತಿದೆಯೇ, ಸ್ವೀಕರಿಸಿದ್ದನ್ನು ಮುಂದಕ್ಕೆ ಕಳುಹಿಸುತ್ತಿದೆಯೇ. ಕೊನೆಯ ಎರಡನ್ನು ಒಂದೇ ಎಂದು ತಿಳಿಯುವವರು ಬಹಳ. ಅಂಚೆಯವನು ರಜೆಯಲ್ಲಿದ್ದರೂ ಅಂಚೆ ಡಬ್ಬಿ ಕಾಗದಗಳನ್ನು ನುಂಗುತ್ತಲೇ ಇರುತ್ತದಲ್ಲ, ಹಾಗೆಯೇ ಇದು. ಕಳುಹಿಸುವಿಕೆ ನಿಂತಿದ್ದರೆ ‘ಕಪ್ಸ್‌ಎನೇಬಲ್’, ಸ್ವೀಕಾರ ನಿಂತಿದ್ದರೆ ‘ಕಪ್ಸ್‌ಆಕ್ಸೆಪ್ಟ್’. ಇದು ತಿಳಿಯದೆ ಪ್ರಿಂಟರನ್ನೇ ಅಳಿಸಿ ಮತ್ತೆ ಸೇರಿಸುವವರಿದ್ದಾರೆ. ಆಗ ಸರದಿ ಸರಿಹೋದಂತೆ ಕಾಣುತ್ತದೆ, ಆದರೆ ಕಾರಣ ಹಾಗೆಯೇ ಉಳಿದಿರುತ್ತದೆ.

ನಮ್ಮಲ್ಲಿ ಆ ಕಾರಣ ಹೆಚ್ಚಾಗಿ ವಿದ್ಯುತ್ತು. ಕಂಪ್ಯೂಟರ್‌ಗಳು ಯುಪಿಎಸ್ ಮೇಲಿವೆ, ಲೇಸರ್ ಪ್ರಿಂಟರ್ ಇಲ್ಲ, ಇರಲೂಬಾರದು. ಟೋನರನ್ನು ಕಾಗದಕ್ಕೆ ಬೇಯಿಸುವ ಹೀಟರ್ ಬಿಟ್ಟು ಬಿಟ್ಟು ಎಳೆಯುವ ವಿದ್ಯುತ್ತನ್ನು ಸಣ್ಣ ಯುಪಿಎಸ್ ತಾಳುವುದಿಲ್ಲ. ಹೀಗಾಗಿ ಕರೆಂಟ್ ಹೋದ ಕ್ಷಣ ಸರ್ವರ್ ಎಚ್ಚರವಾಗಿರುತ್ತದೆ, ಪ್ರಿಂಟರ್ ಸತ್ತಿರುತ್ತದೆ. ಪುಟ ಹೋಗುತ್ತಿರುವಾಗಲೇ ಸಂಪರ್ಕ ತುಂಡಾದರೆ ಕಪ್ಸ್ ಅದನ್ನು ದೋಷವೆಂದು ಪರಿಗಣಿಸಿ ಸರದಿಯನ್ನು ನಿಲ್ಲಿಸುತ್ತದೆ. ಕರೆಂಟ್ ಬಂದು ಪ್ರಿಂಟರ್ ಹಸಿರು ದೀಪ ತೋರಿಸುತ್ತ ಕುಳಿತರೂ ಸರದಿ ತಾನಾಗಿ ಏಳುವುದಿಲ್ಲ. ಯಾರಾದರೂ ಬಂದು ಎಬ್ಬಿಸಬೇಕು.

ಕಪ್ಸ್ ಬಗ್ಗೆ ನನ್ನ ದೊಡ್ಡ ಆಕ್ಷೇಪ ಇದೇ. ಅದರ ಕೈಪಿಡಿಯ ಪ್ರಕಾರ ದೋಷನೀತಿಯ (ದೋಷ ಬಂದಾಗ ಏನು ಮಾಡಬೇಕೆಂಬ ನಿಯಮದ) ಮೂಲ ಆಯ್ಕೆ ‘ಸ್ಟಾಪ್-ಪ್ರಿಂಟರ್’. ಮೇಲ್ವಿಚಾರಕರು ಸದಾ ಹತ್ತಿರವಿರುವ ಕಡೆ ಅದು ಸರಿ. ದಿನಕ್ಕೊಮ್ಮೆ ಕರೆಂಟ್ ಕಣ್ಣು ಮಿಟುಕಿಸುವ ಊರಿನಲ್ಲಿ ಅದು ತಪ್ಪು ಆಯ್ಕೆ. ‘ಎಲ್‌ಪಿಅಡ್ಮಿನ್’ ಕಮಾಂಡಿನಿಂದ ಪ್ರತಿ ಸರದಿಯ ನೀತಿಯನ್ನೂ ‘ರಿಟ್ರೈ-ಜಾಬ್’ ಎಂದು ಬದಲಿಸಿಬಿಡಿ. ಅಷ್ಟಕ್ಕೇ ಬಿಡಬೇಡಿ. ಮರುಪ್ರಯತ್ನಗಳ ನಡುವಿನ ಅಂತರ ಮೂಲದಲ್ಲಿ 30 ಸೆಕೆಂಡು, ಪ್ರಯತ್ನಗಳ ಮಿತಿ 5. ಮಿತಿ ಮುಗಿದರೆ ಕೆಲಸ ರದ್ದಾಗುತ್ತದೆ. ಕಪ್ಸ್‌ನ ಮುಖ್ಯ ಸಂರಚನಾ ಕಡತದಲ್ಲಿ ಅಂತರವನ್ನು 300 ಸೆಕೆಂಡಿಗೆ ಏರಿಸಿದರೆ ಸಾಧಾರಣ ವಿದ್ಯುತ್ ಕಡಿತವನ್ನು ಕೆಲಸಗಳು ದಾಟಿಕೊಂಡು ಬರುತ್ತವೆ. ಇವೆರಡನ್ನು ಮಾಡಿದ ಮೇಲೆ ನಮ್ಮಲ್ಲಿ ‘ಪ್ರಿಂಟ್ ಬರುತ್ತಿಲ್ಲ’ ಎಂಬ ಕೂಗು ಬಹಳ ಮಟ್ಟಿಗೆ ಅಡಗಿತು.

ವಿದ್ಯುತ್ ಮರಳಿದಾಗ ಕಾಡುವ ಇನ್ನೊಂದು ಸಂಗತಿ ವಿಳಾಸ. ರೂಟರ್ ತನ್ನ ಇಷ್ಟದಂತೆ ಐಪಿ ವಿಳಾಸ ಹಂಚುವುದಾದರೆ ನಿನ್ನೆ ಪ್ರಿಂಟರ್‌ಗೆ ಕೊಟ್ಟಿದ್ದನ್ನು ಇವತ್ತು ಯಾರದೋ ಮೊಬೈಲಿಗೆ ಕೊಟ್ಟಿರಬಹುದು. ಕಪ್ಸ್ ಪಾಪ, ಹಳೆಯ ವಿಳಾಸದ ಬಾಗಿಲನ್ನೇ ತಟ್ಟುತ್ತಿರುತ್ತದೆ. ರೂಟರ್‌ನಲ್ಲಿ ಪ್ರಿಂಟರಿನ ಮ್ಯಾಕ್ ವಿಳಾಸಕ್ಕೆ (ಯಂತ್ರದ ಜೊತೆಗೇ ಬರುವ ಗುರುತಿನ ಸಂಖ್ಯೆ) ಒಂದು ಐಪಿಯನ್ನು ಕಾಯ್ದಿರಿಸುವುದೇ ಸರಿಯಾದ ಪರಿಹಾರ. ಪ್ರಿಂಟರಿನ ಫಲಕದಲ್ಲೇ ಸ್ಥಿರ ವಿಳಾಸ ಬರೆಯಬಹುದು, ಆದರೆ ರೂಟರ್ ಬದಲಾದ ದಿನ ಅದು ಯಾರ ನೆನಪಿನಲ್ಲೂ ಇರುವುದಿಲ್ಲ.

ವೈಫೈ ಪ್ರಿಂಟರ್ ಪಟ್ಟಿಯಲ್ಲೇ ಕಾಣಿಸದಿದ್ದರೆ ಬೇರೆ ಕಡೆ ನೋಡಬೇಕು. ಪ್ರಿಂಟರ್‌ಗಳು ತಮ್ಮ ಇರುವನ್ನು ಸಾರುವುದು ಎಂಡಿಎನ್ಎಸ್ ಎಂಬ, ಒಂದೇ ಜಾಲದೊಳಗೆ ಹೆಸರು ಸಾರುವ ವಿಧಾನದ ಮೂಲಕ, ಯುಡಿಪಿ 5353ನೇ ಪೋರ್ಟಿನಲ್ಲಿ. ಫೈರ್‌ವಾಲ್ ಅದನ್ನು ತಡೆದಿದ್ದರೆ, ಅಥವಾ ಪ್ರಿಂಟರ್ ಅತಿಥಿಗಳ ವೈಫೈನಲ್ಲಿ ಸಿಕ್ಕಿಕೊಂಡಿದ್ದರೆ, ಎಷ್ಟು ಹುಡುಕಿದರೂ ಸಿಗುವುದಿಲ್ಲ. ‘ಐಪಿಪಿಫೈಂಡ್’ ಕಮಾಂಡ್ ಏನನ್ನೂ ತೋರಿಸದಿದ್ದರೆ ತೊಂದರೆ ಕಪ್ಸ್‌ನದಲ್ಲ, ನೆಟ್‌ವರ್ಕಿನದು. ಅಲ್ಲಿಗೆ ಅರ್ಧ ಹುಡುಕಾಟ ಮುಗಿಯಿತು.

ಹೊಸ ಪ್ರಿಂಟರ್ ಕೊಳ್ಳುವವರು ಇದನ್ನು ದಯವಿಟ್ಟು ಗಮನಿಸಿ. ಬೆಲೆ, ವೇಗ ನೋಡುವ ಮೊದಲು ಪೆಟ್ಟಿಗೆಯ ಮೇಲೆ ಏರ್‌ಪ್ರಿಂಟ್ ಅಥವಾ ಐಪಿಪಿ ಎವ್ರಿವೇರ್ ಎಂದಿದೆಯೇ ನೋಡಿ. ಆಪಲ್ 2010ರಲ್ಲಿ ಏರ್‌ಪ್ರಿಂಟ್ ತಂದದ್ದು ಫೋನುಗಳಿಗಾಗಿ, ಆದರೆ ಅದರ ಫಲ ಉಂಡವರಲ್ಲಿ ಲಿನಕ್ಸ್ ಬಳಕೆದಾರರೂ ಇದ್ದಾರೆ. ಇಂಥ ಪ್ರಿಂಟರ್ ತನ್ನ ಕಾಗದದ ಅಳತೆ, ಬಣ್ಣ, ಎರಡು ಬದಿಯ ಮುದ್ರಣ ಎಲ್ಲವನ್ನೂ ತಾನೇ ಹೇಳುತ್ತದೆ, ಡ್ರೈವರ್ ಬೇಕಿಲ್ಲ. ‘ಎಲ್‌ಪಿಅಡ್ಮಿನ್’ನಲ್ಲಿ ಮಾದರಿಯ ಜಾಗದಲ್ಲಿ ‘ಎವ್ರಿವೇರ್’ ಎಂದು ಬರೆದು ಐಪಿಪಿ ವಿಳಾಸ ಕೊಟ್ಟರೆ ಸರದಿ ಸಿದ್ಧ. ಒಂದು ಸೂಕ್ಷ್ಮವಿದೆ: ಆ ಕಮಾಂಡಿನಲ್ಲಿ ದೊಡ್ಡಕ್ಷರದ ‘-ಇ’ ಪ್ರಿಂಟರಿನ ಹೆಸರಿನ ನಂತರ ಬಂದರೆ ಸರದಿಯನ್ನು ಚಾಲೂ ಮಾಡು ಎಂದರ್ಥ, ಮೊದಲೇ ಬಂದರೆ ಸಂಪರ್ಕವನ್ನು ಗೂಢಲಿಪೀಕರಿಸು ಎಂದರ್ಥ. ಇದನ್ನು ತಿಳಿಯದೆ ಹೊಸ ಸರದಿ ಏಕೆ ಎದ್ದೇಳಲಿಲ್ಲ ಎಂದು ತಲೆ ಕೆಡಿಸಿಕೊಳ್ಳುವವರು ಅನೇಕರು.

ಇದಕ್ಕೆ ವಿರುದ್ಧವಾದ ಅನುಭವವನ್ನು ಕೊಟ್ಟದ್ದು ನಮ್ಮಲ್ಲಿದ್ದ ಒಂದು ಅಗ್ಗದ ಯುಎಸ್‌ಬಿ ಲೇಸರ್. ಪುಟ ಕಟ್ಟುವ ಬುದ್ಧಿ ಅದಕ್ಕಿರಲಿಲ್ಲ, ಎಲ್ಲವನ್ನೂ ಕಂಪ್ಯೂಟರಿನ ಡ್ರೈವರೇ ಮಾಡಿಕೊಡಬೇಕು. ಆ ಡ್ರೈವರಿನ ಮೂಲಸಂಕೇತವನ್ನು ತಯಾರಕರು ಕೊಟ್ಟಿರಲಿಲ್ಲ. ವ್ಯವಸ್ಥೆ ಹೊಸ ಆವೃತ್ತಿಗೆ ಏರಿದಾಗಲೆಲ್ಲ ಅದು ಮುರಿಯುತ್ತಿತ್ತು. ಕೊನೆಗೆ ಯಂತ್ರದಲ್ಲಿ ಏನೂ ಕೆಡದಿದ್ದರೂ ಅದನ್ನು ಬಿಟ್ಟುಕೊಡಬೇಕಾಯಿತು. ಕೆಲಸ ಮಾಡಬಲ್ಲ ಯಂತ್ರವೊಂದು ತಂತ್ರಾಂಶದ ಬಾಗಿಲು ಮುಚ್ಚಿದ್ದರಿಂದ ಮೂಲೆ ಸೇರುವುದು ನನಗೆ ಇವತ್ತಿಗೂ ಅನ್ಯಾಯವೆಂದೇ ಅನ್ನಿಸುತ್ತದೆ.

ನನಗೆ ತುಂಬ ಹಿಡಿಸಿದ ಸೌಲಭ್ಯವೆಂದರೆ ಒಂದೇ ಪ್ರಿಂಟರ್‌ಗೆ ಎರಡು ಸರದಿ ಕಟ್ಟುವುದು. ನಮ್ಮ ಲೇಸರಿಗೆ ‘ಕರಡು’ ಎಂಬ ಸರದಿ ಒಂದು ಬದಿಗೆ ಮಾತ್ರ ಮುದ್ರಿಸುತ್ತದೆ, ತಿದ್ದುಗೆರೆ ಹಿಂಬದಿಗೆ ಇಳಿಯಬಾರದಲ್ಲ. ‘ಲೆಕ್ಕ’ ಎಂಬುದು ಎರಡೂ ಬದಿಗೆ. ಯಾರೂ ಪ್ರತಿ ಸಲ ಆಯ್ಕೆಗಳ ಪೆಟ್ಟಿಗೆ ತೆರೆಯಬೇಕಾಗಿಲ್ಲ. ಎರಡಕ್ಕೂ ಕಾಗದದ ಅಳತೆ ಎ4 ಎಂದು ಖಾತ್ರಿ ಮಾಡಿದ್ದೇನೆ. ಕಡತದಲ್ಲಿ ಅಮೆರಿಕದ ‘ಲೆಟರ್’ ಅಳತೆ ಉಳಿದಿದ್ದರೆ ಪ್ರಿಂಟರ್ ಆ ಕಾಗದಕ್ಕಾಗಿ ಕಾಯುತ್ತ ದೀಪ ಮಿನುಗಿಸುತ್ತದೆ, ನಮ್ಮವರು ಟ್ರೇ ತೆಗೆದು ಹಾಕಿ ಮಾಡುತ್ತಿರುತ್ತಾರೆ.

ಕನ್ನಡ ಮುದ್ರಣದ ವಿಷಯಕ್ಕೆ ಬರೋಣ. ಪುಟ ಪಿಡಿಎಫ್ ಆಗಿ ಬಂದರೆ, ಫಾಂಟ್ ಅದರೊಳಗೇ ಇದ್ದರೆ, ಕಪ್ಸ್ ಕನ್ನಡವನ್ನು ಚೆನ್ನಾಗಿ ಮುದ್ರಿಸುತ್ತದೆ. ಸರಳ ಪಠ್ಯ ಕಡತವನ್ನು ನೇರವಾಗಿ ‘ಎಲ್‌ಪಿ’ ಎಂಬ ಮುದ್ರಣ ಕಮಾಂಡಿಗೆ ಕೊಟ್ಟರೆ ಮಾತ್ರ ನಿರಾಸೆ. ಪಠ್ಯವನ್ನು ಪಿಡಿಎಫ್ ಮಾಡುವ ಅದರ ಸೋಸುಕಕ್ಕೆ (ಫಿಲ್ಟರ್) ಅಕ್ಷರ ಕೂಡಿಸುವುದು ಗೊತ್ತಿಲ್ಲ. ‘ಸ್ತ್ರೀ’ ಎಂದು ಬರೆದರೆ ಸ, ತ, ರಗಳು ಹಲಂತದ ಚಿಹ್ನೆಯೊಡನೆ ಬಿಡಿಬಿಡಿಯಾಗಿ ಸಾಲಾಗಿ ನಿಲ್ಲುತ್ತವೆ. ಲಿಬ್ರೆಆಫೀಸ್‌ನಲ್ಲಿ ತೆರೆದು ಪಿಡಿಎಫ್ ಮಾಡಿ ಕಳುಹಿಸಿ, ಅಥವಾ ಅಕ್ಷರ ಕೂಡಿಸಬಲ್ಲ ಪ್ಯಾಂಗೋ ಎಂಬ ತಂತ್ರಾಂಶ ಬಳಸುವ ‘ಪ್ಯಾಪ್ಸ್’ ಸಾಧನದ ಮೂಲಕ ದಾಟಿಸಿ. ಕನ್ನಡದಂಥ ಲಿಪಿಗೆ ಇಷ್ಟು ವರ್ಷಗಳ ನಂತರವೂ ಈ ಸುತ್ತುದಾರಿ ಬೇಕಾಗಿರುವುದು ಕೊರತೆಯೇ, ಇದನ್ನು ಮುಚ್ಚಿಟ್ಟು ಅಂಕ ಕೊಡಲಾರೆ.

ಲೇಖಕರು ಕಳುಹಿಸುವ ಪಿಡಿಎಫ್‌ಗಳಲ್ಲಿ ಇನ್ನೊಂದು ಬಗೆಯ ತೊಡಕು. ನುಡಿ ತಂತ್ರಾಂಶದ ಹಳೆಯ ಆಸ್ಕಿ ಫಾಂಟುಗಳಲ್ಲಿ (ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೆ ಕನ್ನಡದ ಆಕಾರ ತೊಡಿಸಿದವು) ಬರೆದು, ಫಾಂಟನ್ನು ಒಳಸೇರಿಸದೆ ಕಳುಹಿಸಿದ್ದರೆ ಕಾಗದದ ಮೇಲೆ ಬರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಗೊಂಚಲು. ತಕ್ಷಣ ಬೈಗುಳ ಬೀಳುವುದು ಪ್ರಿಂಟರ್‌ಗೆ. ‘ಪಿಡಿಎಫ್‌ಫಾಂಟ್ಸ್’ ಎಂಬ ಸಣ್ಣ ಸಾಧನದಿಂದ ಆ ಕಡತವನ್ನು ನೋಡಿದರೆ ಪ್ರತಿ ಫಾಂಟಿನ ಮುಂದೆ ಒಳಸೇರಿದೆಯೇ ಇಲ್ಲವೇ ಎಂಬುದು ಹೌದು, ಅಲ್ಲ ಎಂದು ಕಾಣುತ್ತದೆ. ‘ಅಲ್ಲ’ ಎಂದಿದ್ದರೆ ಕಡತವನ್ನು ಲೇಖಕರಿಗೇ ಹಿಂದಿರುಗಿಸುತ್ತೇವೆ.

ಕಚೇರಿಯಲ್ಲಿ ಫ್ರೀಬಿಎಸ್‌ಡಿಯ ಒಂದು ಯಂತ್ರವೂ ಇದೆ. ಅಲ್ಲಿ ಕಪ್ಸ್ ಹೊರಗಿನಿಂದ ಬರುತ್ತದೆ, ವ್ಯವಸ್ಥೆಯ ಜೊತೆಗೇ ಹಳೆಯ ಎಲ್‌ಪಿಡಿ ಇರುತ್ತದೆ. ‘ಎಲ್‌ಪಿಆರ್’ ಎಂಬ ಹೆಸರಿನ ಕಮಾಂಡು ಎರಡು ಕಡೆ ಇರುವುದರಿಂದ, ಹಾದಿಯಲ್ಲಿ (ಕಮಾಂಡುಗಳನ್ನು ಹುಡುಕುವ ಕೋಶಗಳ ಪಟ್ಟಿ, ಪಾಥ್) ಯಾವುದು ಮೊದಲು ಸಿಗುತ್ತದೆಯೋ ಅದು ಓಡುತ್ತದೆ. ಹಳೆಯದು ಓಡಿದರೆ ಅಂಥ ಪ್ರಿಂಟರೇ ಇಲ್ಲ ಎನ್ನುತ್ತದೆ. ಹಾದಿಯಲ್ಲಿ ಕಪ್ಸ್ ಇರುವ ಯೂಸರ್-ಲೋಕಲ್ ಕೋಶವನ್ನು ಮುಂದಕ್ಕೆ ತಂದರೆ ಮುಗಿಯಿತು.

ಸುರಕ್ಷತೆಯ ಬಗ್ಗೆ ಒಂದು ಎಚ್ಚರಿಕೆ. 2024ರ ಸೆಪ್ಟೆಂಬರಿನಲ್ಲಿ ಬಯಲಾದ ದೋಷಗಳಲ್ಲಿ ಮುಖ್ಯವಾದದ್ದು ಕಪ್ಸ್-ಬ್ರೌಸ್ಡ್ ಎಂಬ ಜೊತೆ ಸೇವೆಯದು. ಯುಡಿಪಿ 631ನೇ ಪೋರ್ಟಿಗೆ ಯಾರೋ ಕಳುಹಿಸಿದ ಪೊಟ್ಟಣವನ್ನು ನಂಬಿ ಅದು ನಕಲಿ ಪ್ರಿಂಟರನ್ನು ಸೇರಿಸಿಕೊಳ್ಳುತ್ತಿತ್ತು, ಆ ಪ್ರಿಂಟರ್‌ಗೆ ಯಾರಾದರೂ ಮುದ್ರಣ ಕಳುಹಿಸಿದಾಗ ದಾಳಿಕೋರನ ಕಮಾಂಡು ನಡೆಯುವ ಅವಕಾಶವಿತ್ತು. ಹೊಸ ಐಪಿಪಿ ಪ್ರಿಂಟರ್‌ಗಳನ್ನು ಕಪ್ಸ್ ತಾನೇ ಗುರುತಿಸುವುದರಿಂದ ನಾವು ಆ ಸೇವೆಯನ್ನೇ ನಿಲ್ಲಿಸಿದ್ದೇವೆ. ಏನೂ ಕಳೆದುಕೊಂಡಂತಾಗಿಲ್ಲ. ಹಾಗೆಯೇ, ಮುದ್ರಿಸಿದ ಕಡತಗಳನ್ನು ಕಪ್ಸ್ ಮೂಲ ಹೊಂದಿಕೆಯಲ್ಲಿ ಒಂದು ದಿನ ಸ್ಪೂಲ್ ಕೋಶದಲ್ಲಿ (ಮುದ್ರಣದ ಕಡತಗಳನ್ನು ತಾತ್ಕಾಲಿಕವಾಗಿ ಇಡುವ ಜಾಗ) ಇಟ್ಟುಕೊಳ್ಳುತ್ತದೆ. ಕಾಗದ ಸಿಕ್ಕಿ ಹರಿದಾಗ ಅದೇ ಕೆಲಸವನ್ನು ಮತ್ತೆ ಓಡಿಸಲು ಇದು ಅನುಕೂಲ. ಪ್ರಶ್ನೆಪತ್ರಿಕೆ, ವೈದ್ಯಕೀಯ ವರದಿ ಮುದ್ರಿಸುವ ಕಡೆ ಮಾತ್ರ ಇದನ್ನು ಆಫ್ ಮಾಡಲೇಬೇಕು.

‘ಎಲ್‌ಪಿಸ್ಟ್ಯಾಟ್’ನಲ್ಲಿ ಕಾರಣ ಸಿಗದಿದ್ದರೆ ‘ಕಪ್ಸ್‌ಸಿಟಿಎಲ್’ನಿಂದ ಡೀಬಗ್ ದಾಖಲೆ ಚಾಲೂ ಮಾಡಿ, ಒಂದೇ ಒಂದು ಪುಟ ಕಳುಹಿಸಿ, ದೋಷ ದಾಖಲೆಯಲ್ಲಿ ಆ ಕೆಲಸದ ಸಂಖ್ಯೆಯನ್ನು ಹುಡುಕಿ. ಯಾವ ಸೋಸುಕ ಓಡಿತು, ಯಾವುದು ಬಿದ್ದಿತು, ಪ್ರಿಂಟರ್ ಏನೆಂದು ಉತ್ತರಿಸಿತು ಎಲ್ಲವೂ ಸಾಲುಸಾಲಾಗಿ ಸಿಗುತ್ತದೆ. ಬ್ರೌಸರಿನಲ್ಲಿ 631ನೇ ಪೋರ್ಟಿನ ಪುಟ ತೆರೆದು ನೋಡುವವರಿಗೆ ಈ ವಿವರ ಸಿಗುವುದಿಲ್ಲ. ಆ ಪುಟದ ವಿನ್ಯಾಸ ಹಳತಾಗಿದೆ, ಸಂದೇಶಗಳು ಮೊಟಕು. ಹೊಸಬರು ಮೊದಲು ಕಾಣುವುದು ಅದನ್ನೇ ಆದ್ದರಿಂದ ಅದು ಇದಕ್ಕಿಂತ ಚೆನ್ನಾಗಿರಬೇಕಿತ್ತು.

ಮುಂದಿನ ಪ್ರಮುಖ ಆವೃತ್ತಿಯಾದ ಕಪ್ಸ್ 3ರಲ್ಲಿ ಪ್ರಿಂಟರಿನ ಸಾಮರ್ಥ್ಯಗಳನ್ನು ವಿವರಿಸುವ ಹಳೆಯ ಪಿಪಿಡಿ ಕಡತಗಳಿಗೆ ಜಾಗವಿಲ್ಲ. ಐಪಿಪಿ ಮಾತಾಡದ ಪ್ರಿಂಟರ್‌ಗಳಿಗೆ ‘ಪ್ರಿಂಟರ್ ಅಪ್ಲಿಕೇಶನ್’ ಎಂಬ ನಡುವಿನ ತಂತ್ರಾಂಶ ಬೇಕಾಗುತ್ತದೆ. ನಮ್ಮ ಎರಡೂ ಪ್ರಿಂಟರ್‌ಗಳು ‘ಎವ್ರಿವೇರ್’ ಮಾದರಿಯಲ್ಲೇ ಓಡುತ್ತಿರುವುದರಿಂದ ನಮಗೆ ಚಿಂತೆಯಿಲ್ಲ. ನಿಮ್ಮಲ್ಲಿ ಪಿಪಿಡಿ ಮೇಲೆ ನಿಂತ ಹಳೆಯ ಯಂತ್ರವಿದ್ದರೆ ಈಗಿನ 2.4 ಸರಣಿಯಲ್ಲೇ ಇದ್ದುಕೊಂಡು, ಅದಕ್ಕೆ ಹೊಂದುವ ಅಪ್ಲಿಕೇಶನ್ ಇದೆಯೇ ಎಂದು ಬೇರೊಂದು ಯಂತ್ರದಲ್ಲಿ ಪರೀಕ್ಷಿಸಿದ ನಂತರವೇ ಮುಂದಿನದಕ್ಕೆ ಏರಿ.