ವ್ಯಾಲ್‌ಗ್ರಿಂಡೋ, ಎಸ್ಯಾನೋ: ಟೆನ್ಸರ್ ಕೋಡಿನ ಮೇಲೆ ಎರಡನ್ನೂ ಓಡಿಸಿ ನೋಡಿದೆ

2024ರಲ್ಲಿ ಜಿಜಿಯುಎಫ್ (ಎಐ ಮಾಡೆಲ್ ಇಡುವ ಒಂದು ಫೈಲ್ ನಮೂನೆ) ಫೈಲ್ ಓದುವ ಕೋಡಿನಲ್ಲಿ ಹೀಪ್ ಓವರ್‌ಫ್ಲೋಗಳು, ಅಂದರೆ ಪಡೆದ ಮೆಮೊರಿಯ ಆಚೆ ಬರೆಯುವ ತಪ್ಪುಗಳು ಬಯಲಾದವು. ಹೆಡರ್ ಹೇಳಿದ ಎಣಿಕೆಯನ್ನು ನಂಬಿ ಗುಣಿಸಿದರೆ ಸಂಖ್ಯೆ ಸುತ್ತು ಹೊಡೆದು ಚಿಕ್ಕದಾಗುತ್ತೆ. ಮ್ಯಾಲಕ್ (ಮೆಮೊರಿ ಕೊಡುವ ಫಂಕ್ಷನ್) ಕೊಡೋದು ಅಂಗೈಯಗಲ ಜಾಗ, ಲೂಪ್ ಬರೆಯೋದು ಊರಗಲ. ಅದನ್ನು ಓದಿದ ಮೇಲೆ ಪೈಥಾನ್‌ನಿಂದ ಕರೆಯುವ ನನ್ನದೇ ಸಿ++ ಗ್ಯಾದರ್ ಆಪ್ (ಟೆನ್ಸರ್, ಅಂದರೆ ಸಂಖ್ಯೆಗಳ ಕೋಷ್ಟಕದಿಂದ, ಇಂಡೆಕ್ಸ್ ಹೇಳಿದ ಸಾಲುಗಳನ್ನು ಆಯುವ ಕೋಡು) ನೆನಪಾಯ್ತು. ಅದರಲ್ಲಿ ಇಂಡೆಕ್ಸ್ ತಪಾಸಣೆಯೇ ಇರಲಿಲ್ಲ.

ಇಂಥ ಮೆಮೊರಿ ತಪ್ಪು ಹಿಡಿಯುವ ಎರಡು ಉಪಕರಣಗಳನ್ನು ಅದರ ಮೇಲೆ ಓಡಿಸಿದೆ. ಮೊದಲು ವ್ಯಾಲ್‌ಗ್ರಿಂಡ್. ಮರುಕಂಪೈಲ್ ಬೇಡ, ಅದೇ ದೊಡ್ಡ ಸುಖ. ಆದರೆ ಪೈಥಾನ್ ತನ್ನದೇ ಅಲೊಕೇಟರ್ ಬಳಸೋದರಿಂದ, ಅದನ್ನು ಮಾಮೂಲಿ ಮ್ಯಾಲಕ್‌ಗೆ ತಿರುಗಿಸದಿದ್ದರೆ ಗದ್ದಲವೇ ಜಾಸ್ತಿ. ವೇಗದ ಮಾತು ಬೇಡ: ಟೆಸ್ಟ್ ಹಚ್ಚಿ ಊಟಕ್ಕೆ ಹೋಗಬಹುದು. ಸ್ಟ್ಯಾಕ್ ಮೇಲಿನ ಅರೇ ದಾಟಿದರೆ ಅದಕ್ಕೆ ಕಾಣೋದೂ ಇಲ್ಲ.

ಅಡ್ರೆಸ್ ಸ್ಯಾನಿಟೈಸರ್, ಅಂದರೆ ಎಸ್ಯಾನ್‌ಗೆ ನನ್ನ ಕೋಡನ್ನೆಲ್ಲ ಮತ್ತೆ ಕಂಪೈಲ್ ಮಾಡಬೇಕು, ಪೈಥಾನ್ ಏಳುವ ಮೊದಲೇ ಅದರ ಲೈಬ್ರರಿಯನ್ನು ಪ್ರೀಲೋಡ್ ಮಾಡಬೇಕು, ಲೀಕ್ (ವಾಪಸ್ ಕೊಡದೆ ಉಳಿದ ಮೆಮೊರಿ) ವರದಿ ಆಫ್ ಮಾಡಬೇಕು. ಅರ್ಧ ದಿನ ಹೋಯ್ತು. ಆಮೇಲೆ ನಿಧಾನ ಸುಮಾರು ಎರಡು ಪಟ್ಟು ಅಷ್ಟೇ. ಎಲ್ಲಿ ದಾಟಿತು, ಆ ಜಾಗವನ್ನು ಯಾವ ಸಾಲು ಪಡೆದಿತ್ತು ಎರಡನ್ನೂ ಹೇಳಿತು.

ಎಸ್ಯಾನ್ ಗೆದ್ದಿತು ಅಂದುಕೊಂಡೆ. ಆದರೆ ಟೆನ್ಸರ್‌ಗಳನ್ನು ಪೂಲ್‌ಗೆ ಹಾಕಿದ ಕೂಡಲೇ ಎರಡೂ ಬಾಯಿ ಮುಚ್ಚಿದವು! ಪೂಲ್ ಅಂದರೆ ಒಂದೇ ದೊಡ್ಡ ಮ್ಯಾಲಕ್; ಒಳಗೆ ನಾವೇ ಹೋಳು ಮಾಡಿಕೊಳ್ಳೋದು. ಪಕ್ಕದ ಟೆನ್ಸರಿನ ಸಾಲು ಓದಿದರೂ ಉಪಕರಣದ ಲೆಕ್ಕದಲ್ಲಿ ಅದು ನಮ್ಮದೇ ಹೊಲ. ಟೆನ್ಸರ್‌ಗಳ ನಡುವೆ ಬದು ಬಿಟ್ಟು, ಅದನ್ನು ಮುಟ್ಟಬಾರದ ಜಾಗವೆಂದು ಕೈಯಾರೆ ಗುರುತು ಹಾಕಿದೆ. ಎರಡರಲ್ಲೂ ಅದಕ್ಕೆ ಮ್ಯಾಕ್ರೋ ಇದೆ. ಒಂದು ಇಂಡೆಕ್ಸ್ ಆಚೆ ಹೋದದ್ದು ಸಿಕ್ಕಿತು. ನಾಲ್ಕು ಸಾವಿರ ಆಚೆ ಹಾರಿದ್ದು ಬದುವನ್ನೇ ದಾಟಿ ಮೂರನೇ ಟೆನ್ಸರಿನಲ್ಲಿ ಇಳಿಯಿತು, ಯಾರಿಗೂ ಸುಳಿವಿಲ್ಲ. ಕೊನೆಗೆ ಅದನ್ನು ತಡೆದದ್ದು ಆಪ್ ಒಳಗೇ ಬರೆದ ಎರಡು ಸಾಲಿನ ಮಿತಿ ತಪಾಸಣೆ.

ಜಿಪಿಯುನಲ್ಲೂ ಇದೇ ಕಥೆ: ಪೈಟಾರ್ಚ್ ಎಂಬ ಎಐ ಲೈಬ್ರರಿಯ ಮೆಮೊರಿ ಕ್ಯಾಶಿಂಗ್ (ಅದೂ ಒಂದು ಪೂಲೇ) ನಿಲ್ಲಿಸದೆ, ಜಿಪಿಯುಗೆಂದೇ ಇರುವ ಇಂಥ ಉಪಕರಣ ಕಂಪ್ಯೂಟ್ ಸ್ಯಾನಿಟೈಸರ್ ಓಡಿಸಿದರೆ ಇಂಥ ಹಲವು ತಪ್ಪುಗಳು ತಪ್ಪಿಸಿಕೊಳ್ಳುತ್ತವೆ.

ಈಗ ಪ್ರತಿ ಕಮಿಟ್‌ಗೂ ಎಸ್ಯಾನ್, ಅದೂ ಪೂಲ್ ಆಫ್ ಮಾಡಿದ ಬಿಲ್ಡ್ ಮೇಲೆ. ಸೋರ್ಸ್ ಇಲ್ಲದೆ ಬೈನರಿ ಮಾತ್ರ ಕೈಗೆ ಬಂದಾಗ ವ್ಯಾಲ್‌ಗ್ರಿಂಡ್.