ಡಿಎಸ್18ಬಿ20 ಪ್ರೋಬ್: ಎಲ್ಲ ಸರಿ, ಆ 85 ಒಂದನ್ನು ಬಿಟ್ಟು

ಸೋಲಾರ್ ಟ್ಯಾಂಕಿನ ನೀರು ಎಷ್ಟು ಕಾದಿದೆ ಅಂತ ನೋಡೋಕೆ ಸ್ಟೀಲ್ ಟೋಪಿಯೊಳಗೆ ಡಿಎಸ್18ಬಿ20 ತಾಪಮಾನ ಚಿಪ್ ಇರೋ ಈ ಪ್ರೋಬ್‌ಗಿಂತ ಕಡಿಮೆ ಖರ್ಚಿನ ದಾರಿ ಕಾಣೆ. ಬೆಳಗ್ಗೆ ನಲ್ಲಿ ತಿರುಗಿಸೋ ಮುಂಚೆ ಡಿಸ್‌ಪ್ಲೇ ಕಡೆ ಒಮ್ಮೆ ಕಣ್ಣು ಹಾಯಿಸಿದರೆ ಸಾಕು: 45 ಡಿಗ್ರಿ ದಾಟಿದ್ದರೆ ಬ್ಯಾಕಪ್ ಹೀಟರ್ ಸ್ವಿಚ್ ಮುಟ್ಟೋ ಹಾಗಿಲ್ಲ, 38 ಇದ್ದರೆ ಸ್ವಿಚ್ ಹಾಕಿ ಕಾಫಿಗೆ ಹಾಲಿಡೋದು. ಮೇಲೊಂದು, ಕೆಳಗೊಂದು ಪ್ರೋಬ್ ಇದ್ದರೆ ಇನ್ನೂ ಮಜಾ. ಮೇಲೆ 58, ಕೆಳಗೆ 29 ಅಂದರೆ ಇಬ್ಬರ ಸ್ನಾನಕ್ಕೆ ತೊಂದರೆಯಿಲ್ಲ, ಮೂರನೆಯವರ ಪಾಡು ಅವರಿಗೆ!

ಎರಡೂ ಒಂದೇ ಡೇಟಾ ತಂತಿಯಲ್ಲಿ ಬರುತ್ತವೆ. ಪ್ರತಿ ಚಿಪ್‌ಗೂ ಅದರದೇ 64 ಬಿಟ್ ವಿಳಾಸ ಇರೋದರಿಂದ ಗೊಂದಲವಿಲ್ಲ. ಮಹಡಿಯಿಂದ ಕೆಳಗಿನವರೆಗೆ ಎಳೆಯೋ ಕೆಲಸಕ್ಕೆ ಐ2ಸಿ (ಚಿಪ್ ಜೋಡಿಸೋ ಇನ್ನೊಂದು ಪದ್ಧತಿ) ಹೇಳಿಮಾಡಿಸಿದ್ದಲ್ಲ. ತಂತಿಯ ಕೆಪಾಸಿಟನ್ಸ್ ಮೇಲಿನ ಅದರ 400 ಪಿಕೋಫ್ಯಾರಡ್ ಮಿತಿ ಉದ್ದ ಕೇಬಲ್‌ನಲ್ಲೇ ಮುಗಿದುಹೋಗುತ್ತದೆ. ಈ ಪ್ರೋಬ್ ಬಳಸೋ ಒನ್-ವೈರ್ ಪದ್ಧತಿ ನಿಧಾನ, ಆದರೆ ತಾಳಿಕೆ ಜಾಸ್ತಿ. ಡೇಟಾದಿಂದ 3.3 ವೋಲ್ಟ್‌ಗೆ 4.7 ಕಿಲೋಓಮ್ ಪುಲ್-ಅಪ್ ರೆಸಿಸ್ಟರ್ ಹಾಕಿ, ಕೇಬಲ್ ಉದ್ದವಾಗಿ ಓದುವಿಕೆ ತಪ್ಪತೊಡಗಿದರೆ 2.2ಕ್ಕೆ ಇಳಿಸಿ. ಪ್ರೋಬ್‌ಗಳನ್ನು ಒಂದೇ ಸಾಲಿನಲ್ಲಿ ಜೋಡಿಸಿ, ನಕ್ಷತ್ರದ ಹಾಗೆ ಕವಲು ಬೇಡ.

ಈಗ ದೂರು. ಕರೆಂಟ್ ಒಂದು ಕ್ಷಣ ಕುಸಿದರೂ ಚಿಪ್ ರೀಸೆಟ್ ಆಗಿ, ಓದಿದರೆ 85.0 ಅನ್ನುತ್ತದೆ. 12 ಬಿಟ್‌ನಲ್ಲಿ ಅಳತೆಗೆ 750 ಮಿಲಿಸೆಕೆಂಡ್ ಬೇಕು. ಪವರ್ ಕೊಟ್ಟ ತಕ್ಷಣ ಅವಸರಪಟ್ಟು ಓದಿದರೂ ಇದೇ 85. ಸೆನ್ಸರ್ ಬಿಟ್ಟುಹೋದರೆ ಅದನ್ನು ಓದೋ ಸಾಫ್ಟ್‌ವೇರ್ ಲೈಬ್ರರಿ ಕೊಡೋ -127 ಎಷ್ಟೋ ವಾಸಿ, ಕೆಟ್ಟಿದೆ ಅಂತ ನೇರವಾಗಿ ಹೇಳುತ್ತದೆ. 85 ಬಂದರೆ ಆ ಅಂಕಿಯನ್ನು ಎಸೆದುಬಿಡಿ ಅನ್ನೋ ಸಲಹೆ ಕೋಣೆಯ ತಾಪಮಾನಕ್ಕೆ ಸರಿ. ಏಪ್ರಿಲ್ ಬಿಸಿಲಲ್ಲಿ ಎರಡು ದಿನ ಬಳಸದೆ ಬಿಟ್ಟ ಟ್ಯಾಂಕ್ ನಿಜವಾಗಿಯೂ 85 ಮುಟ್ಟಬಹುದು. ಆಗ ಆ ಅಂಕಿಯನ್ನು ನಂಬದೆ ಇದ್ದರೆ ಕೈ ಸುಡುತ್ತದೆ.

ಮದ್ದು ಚಿಪ್ಪಿನೊಳಗೇ ಇದೆ. ಶುರುವಿನಲ್ಲಿ ಟಿಎಚ್ ಅಲಾರಂ ರಿಜಿಸ್ಟರ್‌ಗೆ (ಅಲಾರಂನ ಮೇಲಿನ ಮಿತಿ ಇಡೋ ಜಾಗ) 99 ಬರೆಯಿರಿ, ಈಪ್ರಾಮ್‌ಗೆ (ಕರೆಂಟ್ ಹೋದರೂ ಅಳಿಯದ ನೆನಪು) ಮಾತ್ರ ಉಳಿಸಬೇಡಿ. ಕೆಲವು ಲೈಬ್ರರಿ ತಾನಾಗೇ ಉಳಿಸಿಬಿಡುತ್ತವೆ, ಅದನ್ನು ಆಫ್ ಮಾಡಿ. ಪ್ರತಿ ಸಲ ತಾಪಮಾನದ ಜೊತೆ ಟಿಎಚ್ ಕೂಡ ಓದಿ. ಅಳತೆ ಮುಗಿಯೋವರೆಗೆ ಕಾದು ಓದಿದಾಗ 99 ಇದ್ದರೆ 85 ನಿಜ. ಈಪ್ರಾಮ್‌ನಲ್ಲಿದ್ದ ಹಳೇ ಸಂಖ್ಯೆ, ಸಾಮಾನ್ಯವಾಗಿ 75, ವಾಪಸ್ ಬಂದಿದ್ದರೆ ನಡುವೆ ರೀಸೆಟ್ ಆಗಿದೆ. 99 ಮತ್ತೆ ಬರೆದು ಇನ್ನೊಮ್ಮೆ ಅಳೆಯಿರಿ. ಒಂದು ತಂತಿ ಉಳಿಸೋಕೆ ಹೋಗಿ ಪ್ಯಾರಸೈಟ್ ಪವರ್ (ಡೇಟಾ ತಂತಿಯಿಂದಲೇ ಕರೆಂಟ್) ಮೇಲೆ ಓಡಿಸೋರಿಗೆ ಈ ಕಾಟ ಹೆಚ್ಚು. ನಕಲಿ ಚಿಪ್‌ಗಳಲ್ಲಿ ಕೆಲವು ಆ ರೀತಿಯಲ್ಲಿ ಕೆಲಸವನ್ನೇ ಮಾಡುವುದಿಲ್ಲ. ಮೂರೂ ತಂತಿ ಎಳೆಯಿರಿ, ಪ್ರೋಬ್ ಹತ್ತಿರ ಕೆಂಪು (ಪವರ್), ಕಪ್ಪು (ಗ್ರೌಂಡ್) ತಂತಿಗಳ ನಡುವೆ 100 ನ್ಯಾನೋಫ್ಯಾರಡ್ ಕೆಪಾಸಿಟರ್ ಹಾಕಿ. ತಂತಿಯ ಬಣ್ಣವನ್ನೂ ಕಣ್ಣುಮುಚ್ಚಿ ನಂಬಬೇಡಿ, ಕೆಲವು ಲಾಟ್‌ಗಳಲ್ಲಿ ಅದಲುಬದಲಾಗಿರುತ್ತವೆ.

ಇಷ್ಟು ಮಾಡಿದ ಮೇಲೆ ಸಿಟ್ಟು ಇಳಿಯುತ್ತದೆ. ಈ ಬೆಲೆಗೆ 5ಕ್ಕೆ 4. ಕಳೆದ ಒಂದು ಅಂಕ 'ವಾಟರ್‌ಪ್ರೂಫ್' ಅನ್ನೋ ಮಾತಿಗೆ: ನೀರು ಒಳಗೆ ಹೋಗೋದು ಟೋಪಿಯ ಹಿಂದೆ, ಕೇಬಲ್ ಹೊರಬರೋ ಕಡೆ. ಅಲ್ಲಿ ಒಳಗೆ ಅಂಟು ಇರೋ ಹೀಟ್-ಶ್ರಿಂಕ್ ಸ್ಲೀವ್ (ಬಿಸಿ ಮಾಡಿದರೆ ಬಿಗಿಯಾಗೋ ಕೊಳವೆ) ಹಾಕಿ. ಒಂದು ಪ್ರೋಬ್ ಹೆಚ್ಚಿಗೆ ತಂದಿಟ್ಟು, ಎಲ್ಲದರ ವಿಳಾಸ ಮೊದಲೇ ಓದಿ ಕೇಬಲ್‌ಗೆ ಚೀಟಿ ಅಂಟಿಸಿ. ಟ್ಯಾಂಕ್ ಮೇಲೆ ಹತ್ತಿ ನಿಂತಾಗ ಯಾವುದು ಮೇಲಿನದು, ಯಾವುದು ಕೆಳಗಿನದು ಅಂತ ಹುಡುಕೋದು ತಪ್ಪುತ್ತದೆ.