ಆರ್ಕಿಡ್ ಹೊರಗಿಡುವುದಾದರೆ 75ರ ಶೇಡ್ ನೆಟ್ಟನ್ನೇ ತನ್ನಿ

ಮಗಳು ಬೆಂಗಳೂರಿನಿಂದ ತಂದುಕೊಟ್ಟ ಫಲನಾಪ್ಸಿಸ್ ಆರ್ಕಿಡ್ ಎರಡು ವರ್ಷ ನಮ್ಮ ಹಾಲಿನ ಕಿಟಕಿ ಹತ್ತಿರವೇ ಇತ್ತು. ತಂದಾಗ ಇದ್ದ ಹೂ ಸುಮಾರು ಮೂರು ತಿಂಗಳು ನಿಂತಿತು. ಆಮೇಲೆ ಬರೀ ಎಲೆ. ಈ ಗಿಡ ಹೂದಂಟು ಬಿಡಬೇಕಾದರೆ ಕೆಲವು ವಾರ ರಾತ್ರಿ ತಂಪು ಬೇಕು. ಉಡುಪಿಯ ಸೆಕೆಗೆ ತಾರಸಿ ಮನೆಯೊಳಗೆ ಆ ತಂಪು ಎಲ್ಲಿಂದ ಬರಬೇಕು? ಹೊರಗಾದರೆ ಡಿಸೆಂಬರ್, ಜನವರಿಯಲ್ಲಿ ರಾತ್ರಿ 20-21 ಡಿಗ್ರಿವರೆಗೆ ಇಳಿಯುತ್ತದೆ. ಹಾಗಾಗಿ ಕಳೆದ ನವೆಂಬರಿನಲ್ಲಿ, ಮಳೆ ಪೂರ್ತಿ ಬಿಟ್ಟ ಮೇಲೆ, ಅಂಗಳಕ್ಕೆ ತಂದೆ.

ಮೊದಲು ಕಟ್ಟಿದ್ದು 50ರ ನೆಟ್, ಅಂದರೆ ಅರ್ಧ ಬಿಸಿಲು ತಡೆಯುವುದು. "ಹೂವಿನ ಗಿಡಕ್ಕೆ ಇದೇ ಸಾಕು ಅಕ್ಕ" ಅಂದರು ಅಂಗಡಿಯಲ್ಲಿ. ಸೇವಂತಿಗೆಗೆ ಸಾಕಿತ್ತೇನೋ. ಮನೆಯೊಳಗೇ ಇದ್ದು ಅಭ್ಯಾಸವಾದ ಎಲೆಗೆ ಸಾಲಲಿಲ್ಲ. ನಾಲ್ಕನೇ ದಿನ ಮಧ್ಯಾಹ್ನ ಎಲೆ ಮುಟ್ಟಿದರೆ ಬಿಸಿ. ಸಂಜೆಗೆ ಮೇಲಿನ ಎಲೆಯಲ್ಲಿ ರೂಪಾಯಿ ಅಗಲದ ಬಿಳಿಚಿದ ಕಲೆ. ಎರಡು ದಿನದಲ್ಲಿ ಅದು ಕಂದಾಗಿ ಕಾಗದದಂತೆ ಒಣಗಿತು. ಅಷ್ಟು ಜಾಗ ಮತ್ತೆ ಹಸಿರಾಗುವುದಿಲ್ಲ. ತುಂಬಾ ಬೇಸರವಾಯಿತು.

ಮಾರನೇ ದಿನವೇ 75ರದ್ದು ತಂದೆ. ಅಡಿಕೆ ಸಸಿಗೆ ಕಟ್ಟುತ್ತಾರಲ್ಲ, ಅದೇ ಹಸಿರು ನೆಟ್. 75 ಅಂದರೆ ಬಿಸಿಲಿನ ಮುಕ್ಕಾಲು ಭಾಗ ತಡೆಯುತ್ತದೆ ಅಂತ ಅರ್ಥ. ಮೂರು ಮೀಟರ್ ಅಗಲದ್ದು, ನಾಲ್ಕು ಮೀಟರ್ ಕತ್ತರಿಸಿ ಕೊಟ್ಟರು, 440 ರೂಪಾಯಿ ಆಯಿತು. ಕಪ್ಪು ಬಣ್ಣದ್ದು ಸಿಕ್ಕಿದರೆ ಅದನ್ನೇ ತನ್ನಿ. ಹಸಿರು ನೆಟ್ಟಿನಿಂದ ಇಳಿಯುವ ಹಸಿರು ಬೆಳಕು ಗಿಡಕ್ಕೆ ಅಷ್ಟು ಉಪಯೋಗಕ್ಕೆ ಬರುವುದಿಲ್ಲ. ನನಗೆ ಸಿಗಲಿಲ್ಲ.

ನೆಟ್ ಕಟ್ಟಿದರೂ ಒಮ್ಮೆಲೇ ಹೊರಗೆ ಬಿಡಬೇಡಿ. ಈ ಸಲ ಮೊದಲ ವಾರ ಬೆಳಿಗ್ಗೆ ಏಳರಿಂದ ಎಂಟೂವರೆವರೆಗೆ ಮಾತ್ರ ನೆಟ್ಟಿನಡಿ ಇಟ್ಟು ಜಗಲಿಗೆ ತರುತ್ತಿದ್ದೆ. ಆಮೇಲೆ ದಿನಾ ಸ್ವಲ್ಪ ಸ್ವಲ್ಪ ಹೊತ್ತು ಜಾಸ್ತಿ. ಬೆಳಕು ಸರಿ ಇದೆಯಾ ಅಂತ ನೋಡಲು ಮಧ್ಯಾಹ್ನ ಎಲೆಯಿಂದ ಒಂದಡಿ ಮೇಲೆ ಕೈ ಹಿಡಿಯಿರಿ. ಬೆರಳು ಬೆರಳಾಗಿ ನೆರಳು ಬಿದ್ದರೆ ಬಿಸಿಲು ಹೆಚ್ಚು. ಅಂಚು ಮಸುಕಾಗಿದ್ದರೆ ಸರಿ. 50ರ ಅಡಿಯಲ್ಲಿ ನನ್ನ ಬಳೆಯ ನೆರಳೂ ಕಾಣುತ್ತಿತ್ತು! 75ರ ಅಡಿಯಲ್ಲಿ ಕೈ ಒಂದು ಮಬ್ಬು ಕಲೆಯಷ್ಟೇ.

ಜನವರಿ ಎರಡನೇ ವಾರ ಎಲೆಯ ಬುಡದಲ್ಲಿ ಏನೋ ಹಸಿರು ಮೂತಿ ಕಾಣಿಸಿತು. ಬೇರು ಅಂದುಕೊಂಡೆ. ಬೇರಾದರೆ ತುದಿ ಗುಂಡಗೆ, ನುಣ್ಣಗೆ ಇರುತ್ತದೆ. ಇದರದ್ದು ಚಪ್ಪಟೆ, ತುದಿಯಲ್ಲಿ ಸಣ್ಣ ಗೀರು. ವಾರ ಕಳೆದ ಮೇಲೆ ಅದು ಬೆಳಕಿನ ಕಡೆಗೆ ಎದ್ದು ನಿಂತಾಗ ಹೂದಂಟೇ ಅಂತ ಖಾತ್ರಿಯಾಯಿತು. ಆಗಲೇ ಮಗಳಿಗೆ ಫೋನ್ ಮಾಡಿದೆ. ಮಾರ್ಚ್ ಕೊನೆಗೆ ಮೊದಲ ಹೂ ಬಿರಿಯಿತು, ಒಟ್ಟು ಏಳು.

ನೆಟ್ಟಿನಲ್ಲಿ ಕೊರತೆ ಇಲ್ಲ ಅಂತ ಅಲ್ಲ. ಕತ್ತರಿಸಿದ ಕಡೆ ಎಳೆ ಬಿಚ್ಚಿಕೊಳ್ಳುತ್ತಲೇ ಇರುತ್ತದೆ. ಅಂಚನ್ನು ಎರಡು ಸಲ ಮಡಚಿ ನೈಲಾನ್ ದಾರದಲ್ಲಿ ಹೊಲಿದೆ. ಸಂಜೆ ಕಡಲ ಗಾಳಿಗೆ ಪಟಪಟ ಬಡಿಯುತ್ತದೆ, ನಾಲ್ಕೂ ಮೂಲೆ ಬಿಗಿಯಾಗಿ ಕಟ್ಟಬೇಕು. ಮತ್ತೆ, ಮಳೆಯನ್ನು ಇದು ತಡೆಯುವುದೇ ಇಲ್ಲ. ಎಲೆಗಳ ನಡುವಿನ ಕುಡಿಯಲ್ಲಿ ನೀರು ನಿಂತರೆ ಗಿಡ ಕೊಳೆತು ಹೋಗುತ್ತದೆ. ಕಾಡಿನಲ್ಲಿ ಇದು ಮರಕ್ಕೆ ಅಂಟಿ ಪಕ್ಕಕ್ಕೆ ವಾಲಿಕೊಂಡು ಬೆಳೆಯುತ್ತದೆ, ನೀರು ತಾನಾಗಿ ಜಾರುತ್ತದೆ. ಕುಂಡದಲ್ಲಿ ಹಾಗಲ್ಲ, ಅಲ್ವಾ? ಮೇ ತಿಂಗಳ ಅಡ್ಡಮಳೆಗೆ ಕುಂಡವನ್ನೇ ಓರೆ ಮಾಡಿ ಇಡುತ್ತೇನೆ. ಜೂನ್ ಮಳೆ ಹಿಡಿಯುವ ಮೊದಲು ಸೀದಾ ಒಳಗೆ.

ಉಳಿದ ತುಂಡನ್ನು ಬಾವಿಕಟ್ಟೆ ಪಕ್ಕದ ಆಂಥೂರಿಯಂಗೆ ಕಟ್ಟಿದ್ದೇನೆ. ಅದೂ ಹೊಸ ಎಲೆ ಬಿಟ್ಟಿದೆ.